ಲೆಕ್ಕದವ್ವನ ಇಪ್ಪತ್ತು ದಿನ

ಮೊದಲೇ ಹೇಳಿಬಿಡುತ್ತೇನೆ, ಈ ತಪ್ಪು ಶುರುವಾದದ್ದು ನನ್ನ ಬಾಯಿಂದ.

ಮುಂಗಾರು ಆಗಷ್ಟೇ ಕಾಲಿಟ್ಟಿತ್ತು. ಕದರಮಂಡಲಗಿಯಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯಲ್ಲಿ, ಶಾಲೆಯ ಕಟ್ಟೆಯ ಮೇಲೆ ಕೂತು ಹೈಬ್ರಿಡ್ ಬೆಂಡೆಯ ಬೀಜದ ಪೊಟ್ಟಣ ಹಂಚುತ್ತಿದ್ದೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ನಾನು ಫೀಲ್ಡ್ ಸೂಪರ್‌ವೈಸರ್. ದಿನಾ ಸ್ಕೂಟರ್ ಹತ್ತಿ ಬ್ಯಾಡಗಿ ತಾಲೂಕಿನ ಹೊಲಗಳನ್ನು ಸುತ್ತೋದು, ಹೆಂಗಸರು ಮಾಡುವ ಕ್ರಾಸಿಂಗ್ ಸರಿಯಾಗಿದೆಯೋ ಇಲ್ಲವೋ ನೋಡೋದು, ಸರಿ ಇಲ್ಲದಿದ್ದರೆ ಬಾಯಿ ಮಾಡೋದು. ಬಾಯಿ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಕ್ರಾಸಿಂಗ್ ಅಂದರೆ ಏನು ಅಂತ ಇಲ್ಲೇ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಬೆಂಡೆಯ ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡಿಹೋಗುತ್ತದೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನ ಮೂರರಿಂದ ಆರರೊಳಗೆ ಗುರುತು ಹಿಡಿಯಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳು ಕಳಚಿ, ನಡುವಿನ ಕಂಬಕ್ಕೆ ಅಂಟಿಕೊಂಡ ಕೇಸರಗಳನ್ನೆಲ್ಲ ಕೆರೆದು ತೆಗೆಯಬೇಕು. ತುದಿಗೆ ಪೆಟ್ಟಾಗಬಾರದು. ಮೇಲೊಂದು ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಎಂಟರಿಂದ ಹನ್ನೊಂದರೊಳಗೆ ಟೊಪ್ಪಿಗೆ ತೆಗೆದು, ಗಂಡು ಸಾಲಿನ ಹೂ ತಂದು ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಒಂದು ಕೇಸರ ಉಳಿದರೂ ಹೂವು ತನ್ನ ಪರಾಗವನ್ನೇ ತಗೊಂಡು ಕಾಯಿ ಕಟ್ಟುತ್ತದೆ. ಕಣ್ಣಿಗೆ ಎರಡೂ ಕಾಯಿ ಒಂದೇ ಥರ. ಕೊಯ್ಲೆಲ್ಲ ಮುಗಿದು, ಬೀಜದ ಸ್ಯಾಂಪಲ್ಲನ್ನು ಬಿತ್ತಿ ನೋಡಿದಾಗಲೇ ಬಣ್ಣ ಬಯಲಾಗೋದು. ಕಲಬೆರಕೆ ಮಿತಿ ಮೀರಿದ್ದರೆ ಆ ಹೊಲದ ಅಷ್ಟೂ ಬೀಜ ಮೂಲೆಗೆ.

ಹೂವು ಯಾರಿಗೂ ಕಾಯುವುದಿಲ್ಲ. ಹೂವಿನ ಭರಾಟೆ ಏರಿದಾಗ ಇಪ್ಪತ್ತು ಗುಂಟೆಗೆ ಐದಾರು ಜೋಡಿ ಪಳಗಿದ ಕೈ ಬೇಕು. ಅದಕ್ಕೇ ಆ ಊರಿನ ಏಳು ಮನೆಯ ಹೆಂಗಸರು ಮುಯ್ಯಾಳು ಪದ್ಧತಿ ಇಟ್ಟುಕೊಂಡಿದ್ದರು. ನೀನು ನನ್ನ ಹೊಲಕ್ಕೆ ಬಾ, ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಎಲ್ಲರ ಹೂವೂ ಒಟ್ಟಿಗೆ ಬರದ ಹಾಗೆ ಮೂರು ಪಾಳಿ ಮಾಡಿ, ಹತ್ತು ಹತ್ತು ದಿನ ಬಿಟ್ಟು ಬಿತ್ತುತ್ತಿದ್ದರು. ಒಂದು ಸಂಜೆ, ಒಂದು ಮುಂಜಾನೆ ಸೇರಿದರೆ ಒಂದು ದಿನದ ಮುಯ್ಯಿ. ಯಾರು ಯಾರಿಗೆ ಎಷ್ಟು ದಿನ ಬಾಕಿ ಅನ್ನುವುದು ಅರವತ್ತರ ಹತ್ತಿರದ ಒಬ್ಬ ಅಜ್ಜಿಯ ನಾಲಿಗೆಯ ಮೇಲೆ ಇರುತ್ತಿತ್ತು. ಬೆರಳಿನ ಗೆಣ್ಣು ಮುಟ್ಟಿ ಮುಟ್ಟಿ ಹೇಳುತ್ತಿದ್ದಳು. ಊರೆಲ್ಲ ಆಕೆಯನ್ನು ಲೆಕ್ಕದವ್ವ ಎಂದೇ ಕರೆಯುತ್ತಿತ್ತು. ನನಗೆ ಆಕೆಯನ್ನು ಕಂಡರೆ ಅಷ್ಟಕ್ಕಷ್ಟೇ. ತಲೆನೋವೆಂದು ಅರ್ಧ ದಿನ ಮನೆಗೆ ಹೋದವಳನ್ನೂ ಬಿಡದೆ, "ಅರ್ಧ ದಿನ ಉಳೀತು ನೋಡ" ಅನ್ನುವ ಹೆಂಗಸು.

ಆ ಗುಂಪಿಗೆ ಸೇರಿಯೂ ಸೇರದ ಇನ್ನೊಬ್ಬಳಿದ್ದಳು. ಮೂವತ್ತೆಂಟರ ಆಸುಪಾಸು, ಗಂಡ ತೀರಿಕೊಂಡು ನಾಲ್ಕು ವರ್ಷ. ನಾನು ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ಅಕ್ಕ ಎಲ್ಲರ ಹೊಲಕ್ಕೂ ಹೋಗುತ್ತಿದ್ದಳು. ಆಕೆಯ ಹೊಲಕ್ಕೆ ಮಾತ್ರ ಯಾರೂ ಬರಕೂಡದು. ಬರುತ್ತೇವೆಂದರೆ, "ಬ್ಯಾಡ್ರವ್ವ, ನಿಮಗ ಯಾಕ ತ್ರಾಸು, ನಂದು ಹೆಂಗರ ಆಗತೈತಿ" ಎಂದು ಕೈ ಮುಗಿಯುವಳು. ಇಬ್ಬರು ಕೂಲಿ ಹೆಂಗಸರನ್ನು ಇಟ್ಟುಕೊಂಡು, ತಾನೊಬ್ಬಳೇ ಮೂರಾಳಿನ ಕೆಲಸ ಮಾಡಿ ಎರಡು ವರ್ಷ ಹೇಗೋ ದಾಟಿಸಿದ್ದಳು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಾರಲ್ಲ, ಅಕ್ಕನೇ ಅದಕ್ಕೆ ಸಾಕ್ಷಿ ಎಂದು ನಾನು ಹೋದ ಹೋದ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಅವತ್ತು ಪೊಟ್ಟಣ ಹಂಚುವಾಗ ಲೆಕ್ಕದವ್ವ ಕೇಳಿದಳು, "ಮೇಡಮ್ಮಾರ, ಈಕೀದು ಯಾವ ಪಾಳಿರಿ?"

"ಆಕೀಗೆ ಪಾಳಿ ಯಾಕ ಬೇಕ್ರಿ? ಆಕಿ ನಿಮ್ಮಂಗ ದಿನಾ ಎಣಸಾಕಿ ಅಲ್ಲ. ಮಾಡಿ ಮರಿಯಾಕಿ" ಅಂದೆ.

ಎಲ್ಲರೂ ನಕ್ಕರು. ಲೆಕ್ಕದವ್ವ ನಗಲಿಲ್ಲ. "ಮಾಡಿದಾಕಿ ಮರೀತಾಳ್ರಿ. ಮಾಡಿಸಿಕೊಂಡವರು ಏನ್ ಮಾಡಬೇಕು?" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನಿಗೆ ಎರಡನೇ ಪಾಳಿಯವರ ಜೊತೆಗೇ ಬಿತ್ತಲು ಪೊಟ್ಟಣ ಕೊಟ್ಟು ಕಳಿಸಿದೆ. ಆ ಪಾಳಿಯಲ್ಲಿ ಮೂರು ಮನೆ ಆಗಲೇ ಇದ್ದವು. ಅಂದರೆ ಅಕ್ಕನ ಹೂವು ಭರಾಟೆಗೆ ಬಂದಾಗ ಊರಿನ ಒಂದು ಕೈಯೂ ಖಾಲಿ ಇರುವುದಿಲ್ಲ. ಇಷ್ಟು ಸರಳ ಸಂಗತಿ ನನಗೆ ಆ ಹೊತ್ತು ಹೊಳೆಯಲಿಲ್ಲ. ನನ್ನ ಬುದ್ಧಿಗಿಷ್ಟು!

ಆ ವರ್ಷ ಅಕ್ಕನ ಹೊಲ ಬರೀ ಹೊಲವಾಗಿರಲಿಲ್ಲ. ಕೂಡಿದ ಮನೆ, ಯಜಮಾನಿಕೆ ಗಂಡನ ಅಣ್ಣನದು. ಆ ಭಾವ ಬಿತ್ತನೆಗೆ ಮುಂಚೆಯೇ ನನ್ನೆದುರಿಗೇ ಹೇಳಿದ್ದ, "ಈ ವರ್ಷ ಬೀಜ ಪಾಸಾದ್ರ ಆ ಇಪ್ಪತ್ತು ಗುಂಟೆ ಆಕಿ ಕಡೆನ ಇರಲಿ, ಆಕಿ ಹೆಸರಿಗೆ ಮಾಡಿಸಿಕೊಡ್ತೇನಿ. ಇಲ್ಲಂದ್ರ ಮುಂದಿನ ವರ್ಷ ಅದೂ ನಮ್ಮ ಗೋವಿನಜೋಳದಾಗ ಕೂಡತೈತಿ." ಮಾತಿನಲ್ಲಿ ಸಿಟ್ಟಿರಲಿಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದ. ಅಕ್ಕನಿಗೆ ಆ ಭೂಮಿ ಬಿಟ್ಟರೆ ಆ ಮನೆಯಲ್ಲಿ ತನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ಹೂವು ಶುರುವಾಗಿ ಒಂಬತ್ತನೇ ದಿನ. ಮಧ್ಯಾಹ್ನ ಸಣ್ಣ ಜಿನುಗು ಬಂದು ನಿಂತಿತ್ತು. ಅಕ್ಕ ಟೊಪ್ಪಿಗೆಯ ಬುಟ್ಟಿ ಹೊತ್ತು ಬದುವಿನ ಮೇಲೆ ಬರುವಾಗ ಕಾಲು ಜಾರಿ ಬಲಗೈ ಊರಿ ಬಿದ್ದಳು. ನಾನು ಪಕ್ಕದ ಹೊಲದಲ್ಲಿದ್ದೆ. ಓಡಿ ಹೋಗಿ ನೋಡಿದರೆ ಮಣಿಕಟ್ಟು ಸೊಟ್ಟಗಾಗಿತ್ತು. ಆಕೆ ನೋವಿಗೆ ಹಲ್ಲು ಕಚ್ಚಿಕೊಂಡೇ, "ಮೂರು ಹೊಡದೈತೇನ್ರಿ? ಮೊಗ್ಗಿ ಹೊತ್ತಾತು" ಎಂದು ಕೇಳಿದಳು. ಟಂಟಂ ಗಾಡಿ ಮಾಡಿಕೊಂಡು ಹಾವೇರಿಯ ದವಾಖಾನೆಗೆ ಕರೆದೊಯ್ದೆ. ಎಲುಬು ಮುರಿದಿದೆ, ಆರು ವಾರ ಪ್ಲಾಸ್ಟರ್ ಅಂದರು. ಬಲಗೈ ಹೆಬ್ಬೆರಳಿಲ್ಲದೆ ಕ್ರಾಸಿಂಗ್ ಇಲ್ಲ. ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ: ಇವತ್ತಿನ ಮೊಗ್ಗು ಹೋಯಿತು, ಇಬ್ಬರು ಕೂಲಿಯವರಿಂದ ಹೊಲ ಪೂರ್ತಿ ಆಗುವುದಿಲ್ಲ, ನಾಳೆಯದು ಯಾರು ಮಾಡುತ್ತಾರೆ?

ಮರುದಿನ ಬೆಳಗಾಗುತ್ತಲೇ ಮನೆ ಮನೆ ಸುತ್ತಿದೆ. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಮುಂದಿನ ಬಾಗಿಲಿಗೆ ಹೋಗುತ್ತಿದ್ದೆ. ಎಲ್ಲೆಡೆ ಒಂದೇ ಮಾತು. "ಪಾಪ, ಖರೇನ ಹೋಗಬೇಕ್ರಿ. ಆದ್ರ ಇವತ್ತ ಈಕಿ ಹೊಲ, ನಾಳೆ ಆಕಿ ಹೊಲ. ಮಾತು ಕೊಟ್ಟೇವಲ್ರಿ."

ನನಗೆ ಕೋಪ ಬಂತು. "ಎರಡು ವರ್ಷ ಆಕಿ ನಿಮ್ಮ ಹೊಲದಾಗ ಜೀವಾ ತೇದಾಳ. ಆಕಿ ಎಣಿಸಲಿಲ್ಲ, ನೀವು ಎಣಿಸಾಕತ್ತೀರಿ. ನಿಮ್ಮದೇನು ಮನಸ್ಸೋ ಕಲ್ಲೋ?" ಎಂದು ಒಂದು ಅಂಗಳದಲ್ಲಿ ನಿಂತು ಕೂಗಾಡಿದೆ. ಹೆಂಗಸರು ತಲೆ ತಗ್ಗಿಸಿದರು. ಕೊನೆಗೆ ಐದಾರು ಮಂದಿ ಒಪ್ಪಿದರು, ಪುಣ್ಯದ ಕೆಲಸ ಅಂತ. ತಮ್ಮ ಪಾಳಿಯ ಹೊಲ ಮುಗಿಸಿ ಸಂಜೆ ಐದೂವರೆ ಮೇಲೆ ಬರುವುದು, ಬೆಳಿಗ್ಗೆ ಅಲ್ಲಿಗೆ ಹೋಗುವ ಮುಂಚೆ ಒಂದಿಷ್ಟು ಹೊತ್ತು ಇಲ್ಲಿ ಮಾಡುವುದು. ನಾನು ಗೆದ್ದೆ ಅಂದುಕೊಂಡೆ. ರಾಣೆಬೆನ್ನೂರಿಗೆ ವಾಪಸ್ ಬರುವಾಗ ಸ್ಕೂಟರ್ ಮೇಲೆ ನನ್ನಷ್ಟಕ್ಕೆ ನಾನೇ ಹಾಡಿಕೊಂಡದ್ದು ನೆನಪಿದೆ.

ಮೂರು ದಿನ ಹಾಗೆ ನಡೆಯಿತು. ಅವರು ದಣಿದೇ ಬರುತ್ತಿದ್ದರು. ಬೆಳಕು ಕಡಿಮೆ. ಅಕ್ಕ ಪ್ಲಾಸ್ಟರ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಎಡಗೈಯಲ್ಲಿ ಚಹಾದ ಕಿಟ್ಲಿ ಹಿಡಿದು ಸಾಲು ಸಾಲು ತಿರುಗುತ್ತ, "ಸಾಕು ಬಿಡ್ರವ್ವ, ದಣದೀರಿ, ಇದ್ದದ್ದು ಇರಲಿ" ಅನ್ನುತ್ತಿದ್ದಳು. ತನ್ನ ಹೊಲದಲ್ಲಿ ತಾನೇ ಬೀಗರ ಮನೆಗೆ ಬಂದವಳಂತೆ ಮುದುಡಿಕೊಂಡಿದ್ದಳು. ಯಾರೋ ಟೊಪ್ಪಿಗೆ ಸರಿಯಾಗಿ ಹಾಕದಿದ್ದರೆ, ಅವರು ಮುಂದೆ ಹೋದ ಮೇಲೆ ಕದ್ದು ಎಡಗೈಯಿಂದ ಸರಿಪಡಿಸುತ್ತಿದ್ದಳು.

ಇನ್ನು ನಾನು? ಬೇರೆ ಹೊಲದಲ್ಲಾಗಿದ್ದರೆ ಹತ್ತು ಹೂವು ಬಿಚ್ಚಿ ನೋಡಿ, ಒಂದರಲ್ಲಿ ಕೇಸರ ಕಂಡರೂ ಸಾಲೆಲ್ಲ ಮತ್ತೆ ಮಾಡಿಸುವವಳು. ಇಲ್ಲಿ ಬಾಯಿ ಕಟ್ಟಿಹೋಯಿತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ, ಹಾಗಾಗುತ್ತದಲ್ಲ! ಉಪಕಾರಕ್ಕೆ ಬಂದವರ ಕೆಲಸವನ್ನು ಯಾವ ಮುಖ ಇಟ್ಟುಕೊಂಡು ತಪ್ಪು ಅನ್ನಲಿ? ನಾಳೆ ನೋಡೋಣ, ನಾಳೆ ನೋಡೋಣ ಎಂದು ಎರಡು ದಿನ ತಳ್ಳಿದೆ. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೇ ಹೋದೆ, ಯಾರೂ ಬರುವ ಮುಂಚೆ. ಒಂದು ಸಾಲು ಹಿಡಿದು ಟೊಪ್ಪಿಗೆ ತೆಗೆಯುತ್ತ ಬಂದೆ. ಮೊದಲನೆಯದು ಸರಿ. ಎರಡನೆಯದರಲ್ಲಿ ಬುಡದಲ್ಲಿ ಹಳದಿ ಕೇಸರ. ಮೂರನೆಯದು ಸರಿ. ನಾಲ್ಕು, ಐದರಲ್ಲಿ ಟೊಪ್ಪಿಗೆಯ ಒಳಮೈಗೇ ಪರಾಗ ಮೆತ್ತಿತ್ತು. ಹತ್ತಕ್ಕೆ ನಾಲ್ಕು ಕೆಟ್ಟಿದ್ದವು. ಇನ್ನೊಂದು ಸಾಲು ನೋಡಿದೆ, ಅಲ್ಲೂ ಅಷ್ಟೇ. ಬದುವಿನ ಮೇಲೆ ತಲೆಗೆ ಕೈ ಹೊತ್ತು ಕೂತೆ.

ನಮ್ಮ ಸಾಹೇಬರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟೇ: "ಆ ಮೂರು ದಿನದ ಕಾಯಿ ಕಿತ್ತು ಹಾಕಸ್ರಿ, ಇಲ್ಲಾ ಪ್ಲಾಟ್ ಕೈಬಿಟ್ಟೇವಿ ಅಂತ ಬರದು ಕಳಸ್ರಿ. ನೀವ ನೋಡಿ ಮಾಡ್ರಿ. ಈ ಸಲ ನಿಮ್ಮ ಕಡೆ ಒಂದು ಸ್ಯಾಂಪಲ್ ಫೇಲ್ ಆದ್ರೂ ನಿಮ್ಮ ಕಾಂಟ್ರ್ಯಾಕ್ಟ್ ಬಗ್ಗೆ ನಾ ಏನೂ ಮಾತಾಡಾಕ ಆಗೂದಿಲ್ಲ."

ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಕ್ಕನ ಸಲುವಾಗಿ ಮನೆ ಮನೆ ಸುತ್ತಿದೆ, ಸ್ವಂತ ಪೆಟ್ರೋಲ್ ಸುಟ್ಟೆ, ಎಲ್ಲರ ಮನಸ್ಸನ್ನು ಕಲ್ಲು ಎಂದೆ. ನಿಜಕ್ಕೂ ಅಕ್ಕನ ಸಲುವಾಗಿಯಾ? ಆ ಪ್ಲಾಟ್ ಬಿದ್ದರೆ ನನ್ನ ಕೆಲಸವೂ ಬೀಳುತ್ತದೆ ಎಂಬ ಭಯ ಮೊದಲ ದಿನದಿಂದಲೂ ನನ್ನೊಳಗಿತ್ತು. ಪ್ರತಿಫಲ ಬಯಸಬಾರದೆಂದು ಊರಿಗೆಲ್ಲ ಪಾಠ ಹೇಳಿದವಳು ನಾನೇ. ಬಯಸಿದವಳೂ ನಾನೇ, ಅದೂ ಬಚ್ಚಿಟ್ಟುಕೊಂಡು. ಆ ಹೆಂಗಸರು ಎದುರಿಗೆ ನಿಂತು ಎಣಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಆ ಮೂರು ದಿನವೂ ನಾವು ಕೆಂಪು ದಾರ ಕಟ್ಟಿದ್ದೆವು. ಅದಕ್ಕೆ ಮುಂಚೆ ಬಿಳಿ. ಹಾಗಾಗಿ ಗುರುತಿಗೆ ತೊಂದರೆ ಇರಲಿಲ್ಲ. ಅಕ್ಕ ಬಂದ ಕೂಡಲೇ ಹೇಳಿದೆ, "ಕೆಂಪು ದಾರದ್ದೆಲ್ಲ ಕೀಳಬೇಕ್ರಿ ಅಕ್ಕಾರ. ಇವತ್ತಿನ ಮೊಗ್ಗೂ ಸೇರಿ."

ಆಕೆ ಎಡಗೈಯಿಂದ ಒಂದು ಕೆಂಪು ದಾರ ಮುಟ್ಟಿ ನೋಡಿದಳು. ಆಮೇಲೆ, "ಪಾಪ, ಅವರು ಪ್ರೀತಿಲೆ ಬಂದು ಮಾಡ್ಯಾರ್ರಿ. ಹೆಂಗ ಕಿತ್ತು ಒಗೀಲಿ? ನೋಡಿದ್ರ ಏನ್ ಅಂದುಕೊಂಡಾರು?" ಅಂದಳು.

"ಅಂದುಕೊಳ್ಳಲಿ. ನಿಮಗ ಹೊಲ ಬೇಕೋ, ಮರ್ಯಾದಿ ಬೇಕೋ?"

ಮಾತು ಒರಟಾಯಿತು. ಆದರೆ ಆ ಹೊತ್ತಿಗೆ ನನಗೆ ನಯವಾಗಿ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಬೆಳಗಿನ ಕೆಲಸಕ್ಕೆ ಬರುವವರಿಗೆ ಇವತ್ತು ಬೇಡ ಎಂದು ಫೋನಿನಲ್ಲಿ ಹೇಳಿ, ನಾನೇ ಸಾಲಿಗೆ ಇಳಿದೆ. ಬೆಂಡೆಗಿಡದ ಸುಂಕು ಮೈಗೆ ತಾಗಿ ತುರಿಕೆ, ಕೈತುಂಬ ಕೆಂಪು ದಾರದ ಎಳೆಗಾಯಿ. ಅಕ್ಕನೂ ಎಡಗೈಯಿಂದ ಕೀಳತೊಡಗಿದಳು. ಪ್ರತಿ ಕಾಯಿ ಕೀಳುವಾಗಲೂ ಯಾರಾದರೂ ನೋಡುತ್ತಿದ್ದಾರಾ ಎಂದು ದಾರಿಯ ಕಡೆ ತಿರುಗಿ ನೋಡುತ್ತಿದ್ದಳು. ಹೊತ್ತೇರುವಷ್ಟರಲ್ಲಿ ಬದುವಿನ ಮೇಲೆ ಒಂದು ಗುಡ್ಡೆ ಬಿತ್ತು.

ಒಬ್ಬರು ನೋಡಿಯೇಬಿಟ್ಟರು. ಲೆಕ್ಕದವ್ವ.

ತನ್ನ ಹೊಲದಿಂದ ಬರುತ್ತಿದ್ದಳು. ಗುಡ್ಡೆಯ ಎದುರು ನಿಂತು, ಒಂದು ಕಾಯಿ ಎತ್ತಿ ದಾರ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. "ಹಂಗ ಬಂದವರ ಕೆಲಸ ಹಂಗ ಇರತೈತಿ" ಅಂದಳು.

ನನಗೆ ಉರಿದುಹೋಯಿತು. "ಬಂದರಲ್ರಿ ಅವರಾದ್ರೂ! ನೀವು ಬಂದ್ರೇನು?"

"ನಾ ಯಾಕ ಬರಲಿ? ಈಕಿ ಕರದಾಳೇನು? ಕರದಾಕಿ ನೀವು. ಈಕಿ ಹೊಲಕ್ಕ ನಿಮ್ಮ ಮಾತಿಗೆ ನಾ ಯಾಕ ಬರಬೇಕ್ರಿ?" ಎಂದವಳೇ ಅಕ್ಕನ ಕಡೆ ತಿರುಗಿದಳು. "ಏನವಾ ತಂಗಿ, ಎರಡು ವರ್ಷ ನನ್ನ ಹೊಲಕ್ಕ ಹದಿನಾಲ್ಕು ದಿನ ಬಂದೀದಿ. ತೀರಸ್ತೇನಿ ಅಂದ್ರ ಕೈ ಮುಗದಿ. ನೀ ಮಂದೀಗೆ ಮಾಡಬೇಕು, ಮಂದಿ ನಿನಗ ಮಾಡಬಾರದು. ನೀ ಒಬ್ಬಾಕೀನ ದೊಡ್ಡಾಕಿ, ನಾವೆಲ್ಲಾ ಸಣ್ಣವರು. ನಿನ್ನ ಎದರಿಗೆ ಬಂದ್ರ ನನಗ ಕಣ್ಣ ಎತ್ತಾಕ ಆಗೂದಿಲ್ಲ, ಗೊತ್ತೈತೇನು ನಿನಗ?"

ಅಕ್ಕ ಅಳತೊಡಗಿದಳು. "ಹಂಗಲ್ಲ ಅತ್ತೀ. ಗಂಡ ಹೋದ ಮ್ಯಾಲ ಯಾರ ಮುಂದನೂ ಕೈ ಒಡ್ಡಬಾರದು ಅಂತ ಇತ್ತು ನನಗ. ಬೇಡಿದ್ನೆಂದ್ರ ಪಾಪ ಅಂತಾರ. ಆ ಪಾಪ ಅನ್ನೂ ಮಾತು ಕೇಳಾಕ ಆಗೂದಿಲ್ಲ ನನಗ."

"ನಾ ಪಾಪ ಅನ್ನಾಕ ಬಂದಿಲ್ಲ. ಕುಂಡ್ರು ಇಲ್ಲೆ."

ಮೂವರೂ ಬದುವಿನ ಮೇಲೆ ಕೂತೆವು. ಲೆಕ್ಕದವ್ವ ಬೆರಳ ಗೆಣ್ಣು ಮುಟ್ಟತೊಡಗಿದಳು. ಆಕೆಯದು ಮೊದಲ ಪಾಳಿ. ಕ್ರಾಸಿಂಗ್ ಮುಗಿಯಲು ಇನ್ನು ಐದು ದಿನ. ಆ ಐದೂ ದಿನ ಆಕೆಯ ಹೊಲಕ್ಕೆ ಬರಬೇಕಾದವರು ನಾಲ್ವರು, ಹಳೆಯ ಬಾಕಿ ತೀರಿಸಲು. ನಾಲ್ಕೈದಲ ಇಪ್ಪತ್ತು ದಿನ. "ಆ ಇಪ್ಪತ್ತು ದಿನ ಈಕಿ ಹೊಲಕ್ಕ ಬರಲಿ. ನಂದು ಇವತ್ತಿಗೆ ಬಂದ್. ಈಕಿ ನನಗ ಹಿಂದ ಬಂದದ್ದು ಹದಿನಾಲ್ಕು. ಅದು ಮುರಕೊಂಡ್ರ ಆರು ಉಳೀತು" ಅಂದಳು.

ಅಷ್ಟರಲ್ಲಿ ಅಕ್ಕ ಕಣ್ಣೊರೆಸಿಕೊಂಡು, "ಹದಿನಾಲ್ಕು ಬ್ಯಾಡ. ಅದು ನಾ ಹಂಗ ಮಾಡಿದ್ದು" ಅಂದಳು.

"ಹಂಗ ಮಾಡಿದ್ದು? ಸರಿ. ಹಂಗಾರ ಇಪ್ಪತ್ತೂ ನೀ ತೀರಸಬೇಕು. ಒಂದು ಕಡಿಮಿ ಆದ್ರ ಮನಿಗೆ ಬಂದು ಕೇಳಾಕಿ ನಾನು. ಒಪ್ಪಿಗಿ ಐತೋ ಇಲ್ಲೋ, ಬಾಯಿಬಿಟ್ಟು ಹೇಳು."

ನಾನು ನಡುವೆ ಬಾಯಿ ಹಾಕಿದೆ. ಐದು ದಿನ ಮುಂಚೆ ಕ್ರಾಸಿಂಗ್ ನಿಲ್ಲಿಸಿದರೆ ಆಕೆಯ ಹೊಲದಲ್ಲಿ ಉಳಿದ ಮೊಗ್ಗು, ಹೂವೆಲ್ಲ ಕಿತ್ತು ಹಾಕಬೇಕು, ಅದು ಕಂಪನಿಯ ನಿಯಮ. ಇಳುವರಿ ಕಡಿಮೆಯಾಗುತ್ತದೆ. ಸೂಪರ್‌ವೈಸರ್ ಆಗಿ ನಾನು ಅದಕ್ಕೆ ಸಹಿ ಹಾಕಬೇಕು, ಸಾಹೇಬರಿಗೆ ಉತ್ತರವನ್ನೂ ಕೊಡಬೇಕು. "ಈಕಿ ಕೈ ಸರಿ ಆಗಲಿಲ್ಲಂದ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ಮುಂದಿನ ವರ್ಷ ತೀರಸ್ತಾಳ. ಇಲ್ಲಾ ಅದರ ಮುಂದಿನ ವರ್ಷ. ನಾಳೆ ಸಿಗ್ತೇನಿ ಅಂತ ಮಾತು ಕೊಟ್ಟಂಗ್ರಿ ಮುಯ್ಯಿ. ತೀರಸೂತನಾ ಇಬ್ಬರೂ ಇರಬೇಕಲ್ಲ."

"ಅಲ್ರಿ ಅವ್ವಾರ, ಹಂಗಾರ ಇದು ಉಪಕಾರನೋ ಅಲ್ಲೋ?" ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ.

"ಅದನ್ನ ನೀವು ಕಲತವರು ಕುಂತು ಹೇಳ್ರಿ. ಈಗ ಹತ್ತೂವರಿ ಆಗೇತಿ. ಮೂರಕ್ಕ ನಾಕು ಮಂದಿ ಬರಬೇಕು, ನಾ ಹೇಳಾಕ ಹೋಗಬೇಕು." ಆಮೇಲೆ ಅಕ್ಕನ ಪ್ಲಾಸ್ಟರ್ ಕೈ ನೋಡಿ, "ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಂಗಿಲ್ಲ ಅಂತಿದ್ರಲ್ರಿ ಮೇಡಮ್ಮಾರ, ಈಗ ಎಡಗೈಗೂ ಚೂರು ತಿಳೀಲಿ" ಎಂದಳು.

ಅಕ್ಕ ಅಳುತ್ತಲೇ ನಕ್ಕಳು. "ಆತು ಅತ್ತೀ. ಇಪ್ಪತ್ತು ದಿನ. ನಾ ತೀರಸ್ತೇನಿ" ಅಂದಳು. ನಾನು ಬ್ಯಾಗಿನಿಂದ ಕಾಗದ ತೆಗೆದು ಲೆಕ್ಕದವ್ವನ ಹೊಲ ಬಂದ್ ಮಾಡಲು ಸಹಿ ಹಾಕಿದೆ. ಒಂದು ಒಳ್ಳೆಯ ಪ್ಲಾಟನ್ನು ಅರ್ಧಂಬರ್ಧ ನಿಲ್ಲಿಸಿ, ಮುರಿದ ಪ್ಲಾಟಿಗೆ ಕೈ ಕೊಡುತ್ತಿದ್ದೆ. ಎರಡೂ ಹೋದರೆ ನನ್ನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಮೂರಕ್ಕೆ ಸರಿಯಾಗಿ ನಾಲ್ವರೂ ಬಂದರು. ಅವರಲ್ಲಿ ಇಬ್ಬರು ಹಿಂದಿನ ಮೂರು ದಿನ ಪುಣ್ಯಕ್ಕೆಂದು ಬಂದವರೇ. ಅದೇ ಹೆಂಗಸರು, ಅದೇ ಉಗುರು. ಆದರೆ ಈ ಸಲ ಹೊತ್ತಿರುವಾಗಲೇ ಬಂದಿದ್ದರು, ಬೆಳಕಿತ್ತು, ದಣಿವಿರಲಿಲ್ಲ. ಲೆಕ್ಕದವ್ವ ತಾನೂ ಬಂದು ಬದುವಿನ ಮೇಲೆ ಕೂತಿದ್ದಳು. ಒಬ್ಬಳು ಬೇಗ ಬೇಗ ಕೆರೆದು ಮುಂದೆ ಹೋದಾಗ, "ಏ, ಕಣ್ಣು ಎಲ್ಲಿಟ್ಟೀದಿ? ಬುಡದಾಗ ಕೇಸರ ಬಿಟ್ಟೀದಿ ನೋಡ. ನಿನ್ನ ಹೊಲದಾಗ ಯಾರರ ಹಿಂಗ ಮಾಡಿದ್ರ ಸುಮ್ಕ ಇರತಿದ್ದೇನು?" ಎಂದು ಗದರಿದಳು. ಆಕೆ, "ತಪ್ಪಾತು ತಗೋ, ಒದರಬ್ಯಾಡ" ಎನ್ನುತ್ತ ಹಿಂದೆ ಬಂದು ಸರಿಪಡಿಸಿದಳು. ಯಾರಿಗೂ ಬೇಜಾರಾಗಲಿಲ್ಲ.

ನನ್ನ ಕಟ್ಟಿದ ಬಾಯಿಯೂ ಬಿಚ್ಚಿಕೊಂಡಿತು. ಹತ್ತು ಹೂವಿಗೊಮ್ಮೆ ಬಿಚ್ಚಿ ನೋಡಿದೆ. ಅಕ್ಕ ಮಾತ್ರ ಇನ್ನೂ ಕಿಟ್ಲಿ ಹಿಡಿದು ಸುಮ್ಮನೆ ತಿರುಗುತ್ತಿದ್ದಳು. ಎರಡನೇ ಸಂಜೆ ಒಂದು ಗಿಡದ ಮುಂದೆ ನಿಂತಳು. ಟೊಪ್ಪಿಗೆ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ಸಾಲಿನ ತುದಿಯಲ್ಲಿದ್ದವಳನ್ನು ಕರೆದು, "ಇದು ಸರಿ ಆಗಿಲ್ಲವಾ. ತುದಿಗೆ ಉಗುರು ತಾಗೇತಿ. ಕಿತ್ತು ಒಗಿ" ಅಂದಳು. ದನಿ ಸಣ್ಣದೇ. ಆದರೂ ಬದುವಿನ ಮೇಲಿದ್ದ ಲೆಕ್ಕದವ್ವ ನನ್ನ ಮುಖ ನೋಡಿದಳು. ಎರಡು ವರ್ಷದಲ್ಲಿ ಅಕ್ಕ ಯಾರ ಕೆಲಸಕ್ಕೂ ತಪ್ಪು ಎಂದದ್ದನ್ನು ನಾನು ಕೇಳಿರಲಿಲ್ಲ. ಸ್ವಂತ ಹೊಲದಲ್ಲಿ ಆಕೆ ಅವತ್ತು ಒಡತಿಯಾದಳು ಎಂದು ನನಗೆ ಅನ್ನಿಸಿತು.

ಹಳೆಯ ಕಾಯಿ ಕಿತ್ತದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಗಿಡ ಮತ್ತೆ ಹೊಸ ಮೊಗ್ಗು ಹಾಕಿತು. ನಡುವೆ ಎರಡು ದಿನ ಒಬ್ಬಳಿಗೆ ಜ್ವರ ಬಂತು. ಕೈ ಕಡಿಮೆ ಬಿತ್ತೆಂದು ನಾನೇ ಸೆರಗು ಸಿಕ್ಕಿಸಿ ಸಾಲಿಗೆ ಇಳಿದೆ. ನನ್ನದೂ ಒಂದು ಹೂವಿನಲ್ಲಿ ಕೇಸರ ಉಳಿದಿತ್ತು, ಲೆಕ್ಕದವ್ವ ಬಿಡಲಿಲ್ಲ. "ನೋಡಾವ್ರು ಬ್ಯಾರೆ, ಮಾಡಾವ್ರು ಬ್ಯಾರೆ ಬಿಡ್ರಿ" ಎಂದು ಎಲ್ಲರನ್ನೂ ನಗಿಸಿದಳು. ಜ್ವರದವಳ ಎರಡು ದಿನವನ್ನು ಅವಳು ಎದ್ದು ಬಂದ ಮೇಲೆ ಮಾಡಿಸಿಯೇ ಬಿಟ್ಟಳು. ಈ ಸಲ ಗುರುತಿಗೆ ಕಟ್ಟಿದ್ದು ಹಸಿರು ದಾರ, ಹಸಿರು ದಾರದ ಕಾಯಿ ಹೊಲತುಂಬ ಆದವು.

ಕೊಯ್ಲು, ಒಣಗಿಸೋದು, ಬಡಿಯೋದು, ಸ್ಯಾಂಪಲ್ ಕಳಿಸೋದು. ಅಲ್ಲಿಂದ ಮುಂದೆ ಮಾಡುವುದೇನೂ ಇರಲಿಲ್ಲ, ಅದೇ ಕಷ್ಟ. ಪರೀಕ್ಷೆಯ ಗಿಡಗಳು ಬೇರೆ ಕಡೆ ಬೆಳೆಯುತ್ತಿದ್ದವು. ನಾನು ಇಲ್ಲಿ ಸಂತೆಗೆ ಹೋದರೆ ಕೊತ್ತಂಬರಿ ಮರೆತು ಬರುತ್ತಿದ್ದೆ, ಫೋನ್ ಕೂಗಿದರೆ ಕೈಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ, "ಏನರ ತಿಳೀತೇನ್ರಿ?" ಎಂದು ಕೇಳುವಳು. ಇಲ್ಲ ಎನ್ನುವಾಗ ನನಗೇ ತಪ್ಪಿತಸ್ಥಳ ಹಾಗೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಬಸ್ ನಿಲ್ದಾಣದ ಎದುರು ಸ್ಕೂಟರಿಗೆ ಪಂಕ್ಚರ್ ಹಾಕಿ​ಸುತ್ತಿದ್ದಾಗ ಸಾಹೇಬರ ಫೋನ್ ಬಂತು. "ನಿಮ್ಮ ಆ ಕೈ ಮುರಕೊಂಡಾಕಿ ಪ್ಲಾಟ್ ಪಾಸಾಗೇತ್ರಿ." ಹೋದ ಜೀವ ಬಂದಂತಾಯಿತು. ಪಂಕ್ಚರ್ ಅಂಗಡಿಯವನಿಗೂ ಹೇಳಿದೆ, ಅವನಿಗೇನು ಅರ್ಥವಾಯಿತೋ. ಭಾವ ಮಾತಿಗೆ ತಪ್ಪಲಿಲ್ಲ. ಯುಗಾದಿಗೆ ಮುಂಚೆ ಇಪ್ಪತ್ತು ಗುಂಟೆ ಅಕ್ಕನ ಹೆಸರಿಗಾಯಿತು. ನನ್ನ ಕಾಂಟ್ರ್ಯಾಕ್ಟೂ ಮುಂದುವರಿಯಿತು. ಲೆಕ್ಕದವ್ವನ ಇಳುವರಿ ಮಾತ್ರ ಕಡಿಮೆ ಬಂದಿತ್ತು. ಆಕೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಕೆ ಕೇಳುತ್ತಿದ್ದದ್ದು ಒಂದೇ, ಅಕ್ಕನ ಪ್ಲಾಸ್ಟರ್ ಯಾವಾಗ ಬಿಚ್ಚಿದರು, ಈಗ ಕೈ ಎಷ್ಟು ಮಡಚುತ್ತದೆ.

ಮೆಣಸಿನಕಾಯಿ ಸುಗ್ಗಿಯಲ್ಲಿ ಅಕ್ಕ ಲೆಕ್ಕದವ್ವನ ಹೊಲಕ್ಕೆ ಹೋದಳು. ಹಣ್ಣು ಬಿಡಿಸಲು, ಹರವಲು, ಆರಿಸಲು. ಕೈಯಲ್ಲಿ ಪೂರ್ತಿ ಶಕ್ತಿ ಬಂದಿರಲಿಲ್ಲ. ಆದರೂ ಲೆಕ್ಕದವ್ವ ಒಂದು ದಿನವೂ ಮಾಫ್ ಮಾಡಲಿಲ್ಲವಂತೆ. ಮೊದಲಾಗಿದ್ದರೆ ಕೇಳಿ ಸಿಟ್ಟಿಗೇಳುತ್ತಿದ್ದೆ. ಇಪ್ಪತ್ತನೇ ದಿನ ಸಂಜೆ, "ತೀರಿತು. ಇನ್ನ ಹೊಸದು ಮಾಡೂಣು. ಮುಂದಿನ ಸಲ ನಿಂದು ಯಾವ ಪಾಳಿ?" ಎಂದು ಕೇಳಿದಳಂತೆ. ಇದನ್ನು ನನಗೆ ಹೇಳಿದವಳು ಅಕ್ಕನೇ, ನಮ್ಮ ಮನೆಯಲ್ಲಿ ಕೂತು.

ಆಕೆ ಬಂದದ್ದು ಹೀಗೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಅಕ್ಕ, ಕೈಯಲ್ಲಿ ಬುತ್ತಿಯ ಗಂಟು. ಬ್ಯಾಡಗಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು.

"ಬರ್ರಿ ಬರ್ರಿ, ಏನ್ ಇಷ್ಟು ಲಗೂ?"

"ನಿಮ್ಮದು ಎರಡು ದಿನ ಐತಲ್ರಿ. ಆಕೀಗೆ ಜ್ವರ ಬಂದಾಗ ನೀವು ಸಾಲಿಗೆ ಇಳಿದಿದ್ರಿ. ಮಾಡಿ ಹೋಗೂಣು ಅಂತ ಬಂದೆ."

"ಅಯ್ಯ, ನಾ ಏನ್ ಮುಯ್ಯಿಗೆ ಮಾಡಿದ್ನೇನ್ರಿ? ಅದು ನನ್ನ ಕೆಲಸನ ಇತ್ತು. ಬ್ಯಾಡ್ರಿ ಅಕ್ಕಾರ, ನಿಮಗ ಯಾಕ ತ್ರಾಸು..."

ಆಕೆಯ ಮುಖ ಬಾಡಿತ್ತು. ನಾನು ಆಡಿದ್ದು ಅಕ್ಕನ ಹಳೆಯ ಮಾತು, ಒಂದಕ್ಷರವೂ ಬದಲಾಗದೆ. ಬುತ್ತಿ ಕಟ್ಟಿಕೊಂಡು ಅಷ್ಟು ದೂರದಿಂದ ಬಂದವಳನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ನಾನು ಒಳಗಿಂದ ದೊಡ್ಡವಳಾಗುತ್ತಿದ್ದೆ.

"ಒಳಗ ಬರ್ರಿ" ಅಂದೆ. "ವರ್ಷದ ಖಾರಕ್ಕ ತಂದ ಮೆಣಸಿನಕಾಯಿ ಹದಿನೈದು ದಿನದಿಂದ ಮೂಲ್ಯಾಗ ಬಿದ್ದಾವ. ತೊಟ್ಟು ತಗಿಯಾಕ ನನಗ ಪುರುಸೊತ್ತ ಆಗಿಲ್ಲ."

ಚಾಪೆ ಹಾಸಿ, ಚೀಲ ಸುರುವಿ ಇಬ್ಬರೂ ಕೂತೆವು. ಘಾಟಿಗೆ ಸೀನುತ್ತ, ಮೂಗು ಒರೆಸುತ್ತ, ಊರಿನ ಸುದ್ದಿ ಮಾತಾಡುತ್ತ. ಆಕೆಯ ಬಲಗೈ ಇನ್ನೂ ನಿಧಾನ. ಬುತ್ತಿ ಬಿಚ್ಚಿ ರೊಟ್ಟಿ ಉಂಡು ಮತ್ತೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಆಕೆ ಬಿಡಿಸಿದ ರಾಶಿಗೆ ಕೈ ಹಾಕಿದಾಗ ಒಂದು ಕಾಯಿಯಲ್ಲಿ ಅರ್ಧ ತೊಟ್ಟು ಉಳಿದಿತ್ತು. ಇನ್ನೊಂದು ತೆಗೆದೆ, ಅದರಲ್ಲೂ. ಸುಮ್ಮನೆ ನಾನೇ ಕಿತ್ತು ಹಾಕೋಣ ಎಂದು ಉಗುರು ಹಚ್ಚಿದವಳು, ತಡೆದೆ.

"ಅಕ್ಕಾರ, ಇಲ್ಲೆ ನೋಡ್ರಿ. ತೊಟ್ಟು ಉಳದೈತಿ. ಸರಿ ಆಗಿಲ್ಲ" ಅಂದೆ.

ಅಕ್ಕ ತಲೆ ಎತ್ತಿ ನೋಡಿದಳು. ಘಾಟಿಗೆ ಕಣ್ಣು ಕೆಂಪಾಗಿದ್ದವು. ಆಮೇಲೆ ಜೋರಾಗಿ, ಮನೆಯೆಲ್ಲ ಕೇಳುವ ಹಾಗೆ ನಕ್ಕಳು. "ಕೊಡ್ರಿ ಇಲ್ಲೆ, ಒದರಬ್ಯಾಡ್ರಿ" ಎಂದು ಎರಡೂ ಕಾಯಿ ಇಸಿದುಕೊಂಡಳು.

ಸಂಜೆ ಚೀಲ ಇನ್ನೂ ಅರ್ಧ ಉಳಿದಿತ್ತು. ಆಕೆ ಸೆರಗು ಕೊಡವಿ ಎದ್ದು, "ಇನ್ನ ಒಂದು ದಿನ ಉಳೀತ್ರಿ" ಅಂದಳು.

"ಹೌದು, ಉಳೀತು" ಅಂದೆ. "ಯಾವಾಗ ಬರ್ತೀರಿ?"